ಭಯವಂತೆ, ಅದೂ ನಮ್ಮ ಈರಣ್ಣನಿಗೆ!

ನಾನು ಮುತ್ತಜ್ಜಿಯಾದೆ! ಮೊಮ್ಮಗಳು ಪಲ್ಲವಿಗೆ ಹೆಣ್ಣು ಮಗು. ಮೂಗು ನನ್ನದೇ ಅಂತ ನಾನು ಹೇಳುತ್ತಿದ್ದೇನೆ, ಬೇರೆ ಯಾರೂ ಇನ್ನೂ ಒಪ್ಪಿಲ್ಲ. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟು ಕುರಿಯ ಹಿಂದೆ ಹೋದವಳು ನಾನು. ಬರೆಯುವಾಗ ಒತ್ತಕ್ಷರ ತಪ್ಪಿದರೆ ಸಂತೋಷದ ಗಡಿಬಿಡಿ ಅಂದುಕೊಳ್ಳಿ.

ಮಗುವನ್ನು ಮೊದಲ ಸಲ ನಮ್ಮ ಮನೆಗೆ ಕರೆತರುವ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಪಲ್ಲವಿಯ ಫೋನು. "ಅಜ್ಜಿ, ಊಟಕ್ಕೆ ಶಬಾನಾನೂ ಬರ್ಬೇಕು. ಚಿಕ್ಕ ತಾತ ಮತ್ತೆ ಎದ್ದೋಗಂಗಿದ್ರೆ ನಾನು ಮಗೂನ ಕರ್ಕೊಂಬರಲ್ಲ."

ಚಿಕ್ಕ ತಾತ ಅಂದರೆ ನನ್ನ ತಮ್ಮ ಈರಣ್ಣ. ಶಬಾನಾ ಶಿರಾದಲ್ಲಿ ಪಲ್ಲವಿಯ ಜೊತೆ ಓದಿದ ಹುಡುಗಿ. ಹೋದ ವರ್ಷ ನಮ್ಮ ಮನೆ ಒಕ್ಕಲಿನ ದಿನ ಅವಳು ಪಂಕ್ತಿಯಲ್ಲಿ ಕೂತ ಕೂಡಲೇ ಈರಣ್ಣ ಕಲಸಿದ ಅನ್ನ ಬಿಟ್ಟು ಎದ್ದ. ಪಾಪ, ಆ ಹುಡುಗಿ "ತಲೆನೋವು ಅಜ್ಜಿ" ಅಂದು ಹೊರಟುಹೋದಳು. ಆಮೇಲೆ ನಮ್ಮ ಹೊಸಿಲು ತುಳಿದಿಲ್ಲ.

ತಮಾಷೆ ನೋಡಿ. ಬಕ್ರೀದ್ ಹತ್ತಿರ ಬಂದರೆ ಇದೇ ಈರಣ್ಣ ಟಗರುಗಳ ಮೈ ತೊಳೆದು ಶಿರಾಕ್ಕೆ ಹೊಡೆದುಕೊಂಡು ಹೋಗಿ, "ಆವೋ ಭಾಯ್, ಆವೋ" ಅಂತ ಹುಟ್ಟಿದಾಗಿನಿಂದ ಉರ್ದುವನ್ನೇ ಆಡಿದವನ ಹಾಗೆ ಕೂಗುತ್ತಾನೆ. ಸಾಬರು ಕೊಡಿಸಿದ ಟೀ ಕುಡಿಯುತ್ತಾನೆ. ಟಗರೆಲ್ಲ ಮಾರಿ ಮುಗಿದ ಮೇಲೆ, ಯಾರೋ ಕಳಿಸಿದ ವಿಡಿಯೋ ನೋಡಿ ಇವನ ಧರ್ಮಕ್ಕೆ ಅಪಾಯ ಬರುತ್ತದೆ. ಮುಂದಿನ ಬಕ್ರೀದ್ ಬರುವವರೆಗೆ ಆ ಅಪಾಯ ಇಳಿಯುವುದಿಲ್ಲ.

ಫೋನಿನ ಸ್ಪೀಕರು ಹಾಕಿತ್ತು, ಈರಣ್ಣ ಪಕ್ಕದಲ್ಲೇ ಕೂತಿದ್ದ. "ಚಿಕ್ಕ ತಾತಂಗೆ ಇರೋದು ಇಸ್ಲಾಮೋಫೋಬಿಯಾ ಕಣಜ್ಜಿ" ಅಂದಳು ಪಲ್ಲವಿ.

ಅವನ ಮುಖ ಬೆಳ್ಳಗಾಯಿತು. "ಅಯ್ಯೋ, ನಂಗ್ಯಾವ ನಾಯೀನೂ ಕಚ್ಚಿಲ್ಲ ಕಣಮ್ಮಿ!"

ನಾವು ಚಿಕ್ಕವರಿದ್ದಾಗ ಪಕ್ಕದ ಹಟ್ಟಿಯವನೊಬ್ಬನಿಗೆ ಹುಚ್ಚುನಾಯಿ ಕಚ್ಚಿ, ನೀರು ಕಂಡರೆ ನಡುಗುತ್ತಿದ್ದ. ಮಧುಗಿರಿಯ ಡಾಕ್ಟರು ಅದಕ್ಕೆ ಹೈಡ್ರೋಫೋಬಿಯಾ ಅಂದಿದ್ದರು. ನಮ್ಮ ಅಕ್ಕ ತಮ್ಮಂದಿರ ಇಂಗ್ಲಿಷ್ ವಿದ್ಯೆಯಲ್ಲಿ ಫೋಬಿಯಾ ಅಂದರೆ ನಾಯಿ.

ಪಲ್ಲವಿ ನಕ್ಕು ಸುಸ್ತಾಗಿ ಬಿಡಿಸಿ ಹೇಳಿದಳು. ಫೋಬಿಯಾ ಗ್ರೀಕರ ಮಾತಂತೆ, ಭಯ ಅಂತ ಅರ್ಥ. ಅದನ್ನು ಇಸ್ಲಾಮಿಗೆ ಜೋಡಿಸಿದವರು ನೂರು ವರ್ಷದ ಕೆಳಗೆ ಫ್ರೆಂಚರಂತೆ. ಆಮೇಲೆ ಇಂಗ್ಲಿಷಿಗೆ ಬಂದು, ಮುಸ್ಲಿಮರನ್ನು ಕಂಡರಾಗದ ಬುದ್ಧಿಗೆಲ್ಲ ಅದೇ ಹೆಸರಾಯಿತಂತೆ.

ನನಗೆ ಹೆಸರು ಹಿಡಿಸಲಿಲ್ಲ. "ಭಯ ಆದೋನು ತಾನು ಓಡ್ತಾನೆ ಕಣೆ. ಇವ್ನು ಆ ಹುಡ್ಗೀನ ಓಡ್ಸಿದ್ನಲ್ಲೇ?"

"ಓದ್ದೋರೂ ಅದೇ ಜಗಳ ಆಡ್ತಾರೆ ಅಜ್ಜಿ, ಭಯ ಅನ್ಬೇಕೋ ದ್ವೇಷ ಅನ್ಬೇಕೋ ಅಂತ."

ದ್ವೇಷ ಅಂದಿದ್ದರೆ ಈರಣ್ಣ ಮೀಸೆ ತಿರುವುತ್ತಿದ್ದ. ಅವನ ಕಿವಿಗೆ ಬಿದ್ದದ್ದು ಭಯ ಒಂದೇ. "ಭಯಾನಾ? ನಂಗಾ? ಒಬ್ನೇ ದೊಣ್ಣೆ ಹಿಡ್ಕೊಂಡು ತೋಳ ಓಡ್ಸಿದೋನು ನಾನು!"

"ತೋಳ ಸರಿ ಕಣ್ಲಾ. ಹಿಡಿಯಷ್ಟಿರೋ ಹುಡ್ಗಿ ಎಲೆ ಮುಂದೆ ಕೂತ್ರೆ ಓಡೋದ್ಯಲ್ಲ!"

"ಕರೀ ಅವ್ಳ್ನ! ನನ್ ಪಕ್ಕದಲ್ಲೇ ಕೂರ್ಸು. ಯಾರ್ ಎದ್ದೋಯ್ತಾರೆ ನೋಡಾನ!"

ಶಬಾನಾಳಿಗೆ ನಾನೇ ಫೋನು ಮಾಡಿ, ಈ ಭಯದ ಕಥೆ ಹೇಳಿ ಊಟಕ್ಕೆ ಕರೆದೆ. "ಬರ್ತೀನಿ ಅಜ್ಜಿ. ಆದ್ರೆ ಈ ಸಲ ನಂಗೆ ತಲೆ ನೋಯಲ್ಲ" ಅಂದಳು.

ಇವತ್ತು ಸಂಜೆ ಎಲ್ಲರೂ ಸಾಲಾಗಿ ಕೂತೆವು. ಮುದ್ದೆ, ಕಾಳಿನ ಸಾರು, ಒಬ್ಬಟ್ಟು. ಮಗು ನನ್ನ ತೊಡೆಯ ಮೇಲೆ. ಈರಣ್ಣ ಎಲೆಯಿಂದ ಕಣ್ಣೆತ್ತಲಿಲ್ಲ. ಶಬಾನಾ ಅವನ ಕಡೆ ಬಗ್ಗಿ, "ತಾತ, ಭಯ ಆದ್ರೆ ಹೇಳಿ, ಆ ಕಡೆ ಕೂತ್ಕೋತೀನಿ" ಅಂದಳು.

ಇಡೀ ಪಂಕ್ತಿ ಕೈ ತಡೆದು ಕೂತಿತು.

"ಕೂತ್ಕಳವ್ವ ಸುಮ್ಕೆ. ಮುದ್ದೆ ಆರೋಯ್ತದೆ" ಅಂದ ಈರಣ್ಣ.

ಒಂದು ಊಟಕ್ಕೆ ಗುಣವಾಗುವ ಕಾಯಿಲೆ ಅದಲ್ಲ, ನನಗೂ ಗೊತ್ತು. ತುಪ್ಪದ ಬಟ್ಟಲು ಶಬಾನಾಳ ಕೈಯಿಂದ ಬಂತು. ಈರಣ್ಣ ಒಂದು ಗಳಿಗೆ ನೋಡಿದ. ಆಮೇಲೆ ತುಪ್ಪ ಹಾಕಲಿ ಅಂತ ತನ್ನ ಒಬ್ಬಟ್ಟನ್ನು ಅವಳ ಕಡೆಗೆ ಸರಿಸಿದ.