ಪೋರ್ಷನ್ ಮುಗಿದ ಶಾಲೆ

ಹುಬ್ಬಳ್ಳಿಯ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಸರ್ಕಾರಿ ಶಾಲೆಯ ಶಿಕ್ಷಕನಾದವನು ನಾನು. ಎರಡು ಸಾವಿರದ ಇಸವಿ ದಾಟಿದ ಮೇಲೆ ನನ್ನನ್ನು ಒಂದು ಕ್ಲಸ್ಟರಿಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿಗೆ, ಸಂಪನ್ಮೂಲ ವ್ಯಕ್ತಿಯೆಂದು ನಿಯೋಜಿಸಿದರು. ಹೆಸರು ದೊಡ್ಡದು. ಕೆಲಸವೆಂದರೆ, ಸವದತ್ತಿ ತಾಲ್ಲೂಕಿನಲ್ಲಿ ರಾಮದುರ್ಗದ ಗಡಿಗೆ ಹತ್ತಿದ ಹಳ್ಳಿ ಶಾಲೆಗಳಿಗೆ ಬಸ್ಸಿನಲ್ಲಿ ಹೋಗಿ, ಐದು, ಆರು, ಏಳನೆಯ ತರಗತಿಗಳಲ್ಲಿ ಇಂಗ್ಲಿಷ್ ಪಾಠ ಎಲ್ಲಿಯವರೆಗೆ ಬಂದಿದೆ ಎಂದು ನೋಡಿ ವರದಿ ಕೊಡುವುದು. ಪ್ರತಿ ಶಾಲೆಯ ಕೋಣೆಯಲ್ಲೂ ಪಾಠಗಳ ಪಟ್ಟಿಯಿದ್ದ ಒಂದು ತಖ್ತೆ ತೂಗುಹಾಕಿರುತ್ತಿದ್ದರು. ಪಾಠ ಮುಗಿದ ಹಾಗೆ ಅದರ ಮುಂದೆ ಗುರುತು ಹಾಕಬೇಕು. ಆ ಗುರುತು ನಿಜವೇ ಎಂದು ನೋಡಿ ನಾನು ಸಹಿ ಮಾಡಬೇಕು.

ಪತ್ರಿಕೆಯಲ್ಲಿ ನನಗೆ ಕಲಿಸಿದ್ದು, ಒಬ್ಬರು ಹೇಳಿದ್ದನ್ನು ಇನ್ನೊಂದು ಕಡೆ ವಿಚಾರಿಸದೆ ಬರೆಯಬಾರದೆಂದು. ಆ ಚಟ ಇಲ್ಲಿಗೂ ಬಂತು. ಶಿಕ್ಷಕರು ಮುಗಿದಿದೆ ಎಂದ ಮೇಲೆ ನಾನು ಮಕ್ಕಳನ್ನು ಕೇಳುತ್ತಿದ್ದೆ. ಇದು ಕೆಲವೇ ತಿಂಗಳಲ್ಲಿ ಎಲ್ಲ ಶಾಲೆಗಳಿಗೂ ಗೊತ್ತಾಯಿತು. ಮಧ್ಯಾಹ್ನ ಶಿಕ್ಷಕರೆಲ್ಲ ಒಂದೇ ಟೇಬಲ್ಲಿಗೆ ಕೂತು ಡಬ್ಬಿ ಬಿಚ್ಚಿ, ಪಲ್ಯ ಚಟ್ನಿ ಹಂಚಿಕೊಂಡು ಉಣ್ಣುತ್ತಾರೆ. ನನಗೆ ಮಾತ್ರ ಹೆಡ್‌ಮಾಸ್ತರರ ಟೇಬಲ್ಲಿನ ಮೇಲೆ ಬೇರೆ ತಾಟು. ಮರ್ಯಾದೆಗೆ ಕೊರತೆ ಇರಲಿಲ್ಲ. ಟ್ರೇನಿಂಗಿನಲ್ಲಿ ನನ್ನ ಜೊತೆ ಓದಿದವನೊಬ್ಬ ಒಂದು ಶಾಲೆಯಲ್ಲಿದ್ದ. ನಾನು ಒಳಗೆ ಬಂದಾಗ, "ಬಾಯಿ ಮುಚ್ಚರಿ, ಪೇಪರಿನವ ಬಂದಾನ, ನಾಳೆ ಪ್ರಿಂಟಾಗ್ತದ" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಒಬ್ಬೊಬ್ಬರೇ ತಮ್ಮ ತರಗತಿಗೆ ಎದ್ದುಹೋದರು.

ರಾಮದುರ್ಗದಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದಿದ್ದೆ. ಎಷ್ಟೋ ಸಂಜೆ ಖಾನಾವಳಿಯಲ್ಲಿ "ಇನ್ನೊಂದು ರೊಟ್ಟಿ" ಎಂದು ಕೇಳಿದ್ದಷ್ಟೇ ನನ್ನ ಮಾತು.

ಆ ವರ್ಷ ದಸರಾ ರಜೆ ಮುಗಿದ ಮೇಲೆ ಒಂದು ಹಳ್ಳಿ ಶಾಲೆಗೆ ಹೋದೆ. ಅಲ್ಲಿ ಮೂರೂ ತರಗತಿಗೆ ಇಂಗ್ಲಿಷ್ ಕಲಿಸುವವರು ಒಬ್ಬರೇ ಶಿಕ್ಷಕಿ. ಮಕ್ಕಳು ಅವರನ್ನು ಅಕ್ಕೋರು ಎನ್ನುತ್ತಿದ್ದರು. ಅವರಿಗೆ ಮನೆಯವರೂ ಸಣ್ಣ ಮಗಳೂ ಇದ್ದ ಬೈಲಹೊಂಗಲಕ್ಕೆ ವರ್ಗಾವಣೆಯ ಆದೇಶ ಬಂದಿತ್ತು. ಆದರೆ ಅರ್ಧ ವರ್ಷದ ಪೋರ್ಷನ್ ಮುಗಿದಿದೆ ಎಂದು ಸಹಿಯಾಗದೆ ಬಿಡುಗಡೆ ಮಾಡುವುದಿಲ್ಲ ಎಂದು ಹೆಡ್‌ಮಾಸ್ತರರು ಪಟ್ಟು ಹಿಡಿದಿದ್ದರು. ಅವರಿಗೂ ಅವರ ಚಿಂತೆ. ಈಕೆ ಹೋದರೆ ಆ ವರ್ಷ ಇನ್ನೊಬ್ಬರು ಬರುವ ಖಾತ್ರಿ ಇರಲಿಲ್ಲ.

"ಬರ್ರಿ ಸರ್, ಕುಂದರ್ರಿ," ಎಂದ ಹೆಡ್‌ಮಾಸ್ತರರು ನನ್ನ ಕೈಗೆ ಪೆನ್ನನ್ನೇ ಕೊಟ್ಟರು. "ಎಲ್ಲಾ ಆಗೇತಿ. ನಿಮ್ಮದೊಂದ ಸಹಿ ಬಿದ್ರ ಅಕ್ಕೋರ ಗಂಟು ಕಟ್ಟತಾರ."

"ಮಕ್ಕಳನ್ನೊಮ್ಮೆ ನೋಡತೇನಿ," ಎಂದೆ.

"ನೋಡ್ರಿ. ನೀವು ನೋಡದ ಬಿಡಾವರಲ್ಲ ಅಂತ ಗೊತ್ತದ."

ಆರನೆಯ ತರಗತಿಗೆ ಹೋದೆವು. ತಖ್ತೆಯಲ್ಲಿ ಎಲ್ಲ ಪಾಠಗಳ ಮುಂದೆ ಗುರುತಿತ್ತು. ನೋಟ್‌ಬುಕ್ಕುಗಳಲ್ಲಿ ಪ್ರಶ್ನೋತ್ತರಗಳೂ ಸಾಲುಸಾಲಾಗಿ ಇದ್ದವು. ನಮ್ಮ ಕಡೆಯ ಶಾಲೆಗಳಲ್ಲಿ ಆಗ ಪಾಠ ಮುಗಿಯಿತು ಎಂದರೆ ಅದೇ ಅರ್ಥ: ಪ್ರಶ್ನೋತ್ತರ ಬರೆಸಿ ಆಗಿದೆ. ಕೊನೆಯ ಪಾಠದ ಮೂರನೆಯ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದೆ, ಮುದುಕಿ ಎಲ್ಲಿ ವಾಸವಾಗಿದ್ದಳು ಎಂದು. ಇಡೀ ತರಗತಿ ಒಂದೇ ಉಸಿರಿನಲ್ಲಿ, "ಟೂ ಗೋಟ್ಸ್ ಸರ್!" ಎಂದಿತು. ಬೋರ್ಡಿನ ಮೇಲೆ ಬರೆಯುವಾಗಲೇ ಒಂದು ಉತ್ತರ ಬಿಟ್ಟುಹೋಗಿ, ಮುಂದಿನದೆಲ್ಲ ಒಂದೊಂದು ಮೇಲೆ ಸರಿದಿತ್ತು. ಯಾರಿಗೂ ಗೊತ್ತಾಗಿರಲಿಲ್ಲ. ಶಿಕ್ಷಕಿಗೆ ನಗು ತಡೆಯಲಾಗಲಿಲ್ಲ. ಅವರು ನಕ್ಕಿದ್ದು ನೋಡಿ ಮಕ್ಕಳೂ ನಕ್ಕರು. ಆಮೇಲೆ ನನ್ನ ಮುಖ ನೋಡಿ ಅವರು ನಗು ನಿಲ್ಲಿಸಿದರು.

ವರಾಂಡಕ್ಕೆ ಬಂದ ಮೇಲೆ ಅವರೇ ಮಾತು ತೆಗೆದರು. "ಐದನೇತ್ತಾ ಮುಗಿಸಿ ಎಬಿಸಿಡಿನೂ ಬರದ ಬಂದಾವ್ರಿ ಇವು. ಅದನ್ನ ಕಲಿಸೂದ್ರಾಗ ಅರ್ಧಾ ವರ್ಷ ಹೋತು. ಕಡೀ ನಾಕು ಪಾಠ ಬರೀ ಬರಸೇನಿ. ಸುಳ್ಳ ಹೇಳೂದಿಲ್ಲ."

"ಮಗಳು ಅಲ್ಲೇ ಅದಾಳೇನ್ರಿ?" ಎಂದು ಕೇಳಿದೆ.

"ಅತ್ತಿ ಹತ್ರ ಅದಾಳ. ಇನ್ನ ನಾಕು ತುಂಬಿಲ್ಲ. ಶನಿವಾರ ಹೋದ್ರ ಮೊದ್ಲ ನನ್ನ ಹತ್ರ ಬರೂದಿಲ್ಲ, ದೂರ ನಿಂತ ನೋಡತಾಳ. ಹಚ್ಕೊಳ್ಳೂದ್ರಾಗ ರವಿವಾರ ಸಂಜೀ ಬಸ್ಸ. ತಡಾ ಆದ್ರ ಆ ಜಾಗಾಕ್ಕ ಮತ್ತೊಬ್ರ ಬಂದ ಕುಂದರತಾರ ಅಂತಾರ."

ನಾನು ಸಹಿ ಮಾಡಲಿಲ್ಲ. ಮಾಡುವುದಿಲ್ಲವೆಂದು ಜೋರಾಗಿ ಹೇಳಲೂ ಇಲ್ಲ. ಗುರುವಾರ ಗುರುವಾರ ನಾನೇ ಬಂದು ಆರನೆಯ ತರಗತಿಗೆ ಆ ಪಾಠಗಳನ್ನು ಮಾಡುತ್ತೇನೆ, ನೀವು ಏಳನೆಯದನ್ನು ನೋಡಿಕೊಳ್ಳಿ, ತಿಂಗಳೊಳಗೆ ಮುಗಿಯುತ್ತದೆ, ಆಗ ಹಾಕುತ್ತೇನೆ ಎಂದೆ. "ತಿಂಗಳ?" ಎಂದರು ಅವರು. ಆಮೇಲೆ, "ಆತ್ರಿ," ಎಂದರು.

ಆ ವಾರ ಕೋಣೆಯಲ್ಲಿ ಕೂತು ಮುದುಕಿ ಮತ್ತು ಆಡುಗಳ ಪಾಠ ತಯಾರಿ ಮಾಡಿದೆ. ಒಂದೊಂದು ಶಬ್ದಕ್ಕೂ ಚಿತ್ರ ಬರೆದೆ. ಬಹಳ ದಿನಗಳ ಮೇಲೆ ಯಾರೋ ನನ್ನನ್ನು ಕಾಯುತ್ತಿದ್ದಾರೆ ಎಂಬ ಭಾವನೆ ಇತ್ತು.

ಗುರುವಾರ ಹೋದಾಗ ಶಿಕ್ಷಕಿ ಇರಲಿಲ್ಲ. ಹೆಡ್‌ಮಾಸ್ತರರು ಎದ್ದು ನಿಂತು, ಬೇರೆ ಕಡೆ ನೋಡುತ್ತ ಹೇಳಿದರು: "ಆಜೂಬಾಜೂ ಕ್ಲಸ್ಟರಿನ ಸಾಹೇಬ್ರ ಬಂದಿದ್ರು ಸರ್. ಅವರ ಸಹಿ ಹಾಕಿದ್ರು. ಅಕ್ಕೋರು ಸೋಮವಾರ ರಿಲೀವ್ ಆದ್ರು. ನಾನೂ ಎಷ್ಟಂತ ಹಿಡೀಲಿ, ಕೂಸಿನ ತಾಯಿ."

"ಸರಿ ಮಾಡಿದ್ರಿ," ಎಂದೆ. ನಿಜವಾಗಿಯೂ ಹಾಗೇ ಅನಿಸಿತ್ತು.

ಆರನೆಯ ತರಗತಿಯಲ್ಲಿ ಇಂಗ್ಲಿಷ್ ಅವಧಿ ಖಾಲಿ ಬಿದ್ದಿತ್ತು. ಚಿತ್ರಗಳನ್ನು ಗೋಡೆಗೆ ಅಂಟಿಸಿ ಪಾಠ ಮಾಡಿದೆ. ಮುದುಕಿ ಎಲ್ಲಿದ್ದಳು ಎಂದು ಮಕ್ಕಳಿಗೆ ಗೊತ್ತಾಯಿತು. ಒಬ್ಬಳು ಎದ್ದು, "ಅಕ್ಕೋರ ಯಾವಾಗ ಬರ್ತಾರ್ರಿ?" ಎಂದು ಕೇಳಿದಳು. ಬೈಲಹೊಂಗಲದ ಶಾಲೆಗೆ ಹೋದರು ಎಂದೆ. ಹೊರಡುವ ಮುಂಚೆ ರೂಢಿಯಂತೆ ತಖ್ತೆಯ ಮುಂದೆ ನಿಂತೆ. ಆ ಪಾಠದ ಮುಂದೆ ಗುರುತೂ ಇತ್ತು, ಸಹಿಯೂ ಇತ್ತು. ನಾನು ಬರೆಯುವುದೇನೂ ಉಳಿದಿರಲಿಲ್ಲ. ಉಳಿದ ಗುರುವಾರಗಳಲ್ಲೂ ಹೋಗಿ ಮಿಕ್ಕ ಪಾಠಗಳನ್ನು ಮಾಡಿ ಬಂದೆ. ಅವು ಯಾವ ವರದಿಯಲ್ಲೂ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಕೆಲಸದ ಮೇಲೆ ಬೈಲಹೊಂಗಲಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಆ ಶಿಕ್ಷಕಿ ಸಿಕ್ಕರು. ಮಗಳು ಅವರ ಬೆರಳು ಹಿಡಿದುಕೊಂಡು ಬಾಳೆಹಣ್ಣು ತಿನ್ನುತ್ತಿದ್ದಳು.

"ನಮಸ್ಕಾರ್ರಿ ಸರ್. ನೀವ ಬಂದ ಆ ಪಾಠ ಎಲ್ಲಾ ಮಾಡಿದ್ರಂತ, ಹುಡುಗೂರು ಹೇಳಿ ಕಳಿಸಿದ್ವು," ಎಂದರು. ಮಗಳ ಬಾಯಿ ಒರೆಸುತ್ತ ಮತ್ತೆ ಹೇಳಿದರು: "ನಿಮಗ ಇನ್ನೊಮ್ಮೆ ಕೇಳಬೇಕಂತ ಮಾಡಿದ್ದೆ. ಕೇಳಿದ್ರ ಹಾಕ್ತಿದ್ರೇನ್ರಿ ಸಹಿ?"

"ಇಲ್ಲರಿ," ಎಂದೆ.

"ಗೊತ್ತಿತ್ತು. ಅದಕ್ಕ ಕೇಳಲಿಲ್ಲ," ಎಂದರು ಅವರು. ಸಿಟ್ಟಿನಿಂದ ಹೇಳಿದ ಮಾತಲ್ಲ. ಮಗಳನ್ನು ಎತ್ತಿಕೊಂಡು ಪೇಟೆಯ ಕಡೆ ಹೋದರು. ನಾನು ರಾಮದುರ್ಗದ ಬಸ್ಸಿನ ಹೊತ್ತು ವಿಚಾರಿಸಲು ಕಂಟ್ರೋಲರ್ ಕಿಟಕಿಗೆ ಹೋದೆ.