ಮೂರು ಮಳಿಗಾಲ ಮಿರಜಿಗೆ ಹೋಗಿಲ್ಲ

ಮೂರು ಮಳಿಗಾಲ ಆತು, ನಮ್ಮ ಮನಿಯಿಂದ ಯಾರೂ ಮಿರಜಿ ದವಾಖಾನಿಗೆ ಹೋಗಿಲ್ಲ. ಇದನ್ನ ನಾ ಸಿಕ್ಕವರಿಗೆಲ್ಲಾ ಹೇಳ್ತೀನಿ. ಬಸ್ಸಿನ್ಯಾಗ ಬಾಜೂಕ ಕುಂತವರಿಗೂ ಹೇಳ್ತೀನಿ. ಅವರು ಪಾಪ, "ಹೌದೇನ್ರಿ, ಚಲೋ ಆತ ಬಿಡ್ರಿ" ಅಂತ ಕಿಡಕಿ ಕಡೆ ಹೊಳ್ಳತಾರ. ಅದಕ್ಕೂ ಮೊದಲಿನ ವರ್ಷ ಹೆಂಗ ಇದ್ದವು ಅನ್ನೂದು ಅವರಿಗೆ ಹೆಂಗ ಗೊತ್ತಾಗಬೇಕು? ಅದಕ್ಕ ಬರೆಯಾಕ ಕುಂತೀನಿ. ನನ್ನ ಮೊಮ್ಮಗನಂಥಾ ಕೂಸು ಮನಿಯಾಗ ಇದ್ದವರು, ಅಂಥಾ ಮನಿಗೆ ಹೋಗಿ ಕೆಲಸ ಮಾಡೋ ಸಾಲಿ ಅಕ್ಕೋರು, ನರ್ಸಬಾಯಾರು ಓದಿದರ ಏನರ ಉಪಯೋಗ ಆದೀತು. ನನ್ನ ಸಾಲಿ ನಾಕನೇತ್ತೆಗೆ ನಿಂತದ್ದು, ತಪ್ಪು ಇದ್ದರ ತಿದ್ದಿಕೊಂಡು ಓದ್ರಿ.

ನಮ್ಮದು ಅಂಕಲಿ ಹತ್ತರದ ಹಳ್ಳಿ. ಕಬ್ಬು, ಸೋಯಾಬೀನು, ನಾಲ್ಕು ಎಮ್ಮಿ. ಜೈನರ ಮನಿ, ಅಂದಮ್ಯಾಲ ಹೊತ್ತು ಮುಳುಗೂದರೊಳಗ ಊಟ ಮುಗೀಬೇಕು. ನಾ ಒಂಬತ್ತು ವರ್ಷದಾಕಿ ಇದ್ದಾಗಿಂದ ಆ ನೇಮ ತಪ್ಪಿಸಿದಾಕಿ ಅಲ್ಲ.

ಮೊಮ್ಮಗ ಹುಟ್ಟಿದಾಗ ಅಳಲಿಲ್ಲ. ಬಾಳ ಹೊತ್ತಿನ ಮ್ಯಾಲ ಬೆಕ್ಕಿನ ಮರಿಯಂಗ ಒಂದು ಸಪ್ಪಳ ಮಾಡಿದ. ಮೆದುಳಿಗೆ ಗಾಳಿ ಕಡಿಮಿ ಬಿದ್ದೈತಿ ಅಂದರು. ಎರಡು ವರ್ಷ ಆದರೂ ಕುತಗಿ ನಿಂದರಲಿಲ್ಲ. ಕೈಕಾಲು ಒಮ್ಮೆ ಕಟ್ಟಿಗಿಯಂಗ ಬಿಗೀತಿದ್ದವು, ಒಮ್ಮೆ ತೊಯ್ದ ಅರಿವಿಯಂಗ ಜೋತು ಬೀಳತಿದ್ದವು. ಆದರ ಕಣ್ಣು ಚುರುಕು. ಎಮ್ಮಿ ಒದರಿದರ ನಗತಿದ್ದ, ಅಜ್ಜ ಬಂದರ ಬಾಗಲ ಕಡೆ ಕಣ್ಣು ಹೊಳ್ಳಸತಿದ್ದ.

ಉಣಿಸೋ ಕೆಲಸ ನನ್ನದು. ಸೊಸಿ ಎಮ್ಮಿ ಹಿಂಡಬೇಕು, ಹೊಲಕ್ಕ ಹೋಗಬೇಕು. ನಾ ಆರು ಮಕ್ಕಳನ್ನ ಸಾಕಿದಾಕಿ. ಕಾಲು ಚಾಚಿ ಕುಂತು, ಕೂಸನ್ನ ಕಾಲಮ್ಯಾಲ ಅಂಗಾತ ಮಲಗಿಸಿ, ಒಂದು ಕೈಲೆ ಹಣಿ ಹಿಂದಕ್ಕ ಒತ್ತಿ, ಇನ್ನೊಂದು ಕೈಲೆ ಒಳಲೆಯಿಂದ ಹುಯ್ಯೂದು. ಒಳಲೆ ಅಂದರ ಮೂತಿ ಇರೋ ಸಣ್ಣ ಬೆಳ್ಳಿ ಬಟ್ಟಲ. ನನ್ನ ತಾಯಿ ನನಗ ಹಂಗ ಕುಡಿಸಿದ್ದಳು, ನಾ ನನ್ನ ಮಕ್ಕಳಿಗೆ ಹಂಗ ಕುಡಿಸಿದ್ದೆ. ಅವರು ಎಂಟು ಹತ್ತು ತಿಂಗಳಿಗೆ ಎದ್ದು ಕುಂತರು, ಒಳಲೆ ಗೋಡಿ ಮಾಡಿನೊಳಗ ಹೋತು. ಇಂವ ಏಳಲಿಲ್ಲ. ಹಂಗಾಗಿ ನಾಲ್ಕು ವರ್ಷದವಗೂ ಒಳಲೆ. ಗಂಜಿ ಕುಡಿದು ಕೆಮ್ಮಿದ ಅಂದರ ಗಂಟಲಾಗ ಸಿಕ್ಕೊಂಡೈತಿ ಅಂತ ತೆಳ್ಳಗ ಮಾಡತಿದ್ದೆ. ಮತ್ತ ಕೆಮ್ಮಿದ ಅಂದರ ಮತ್ತ ತೆಳ್ಳಗ. ಕಡೀಕ ಅದು ನೀರಿನಂಗ ಆಗಿತ್ತು.

ಅದರ ಮ್ಯಾಲ ನಾ ಇನ್ನೊಂದು ಮಾಡಿದ್ದೆ. ನಮ್ಮೊಳಗ ಸಣ್ಣ ಮಕ್ಕಳಿಗೆ ಹೊತ್ತಿನ ಕಟ್ಟು ಯಾರೂ ಹೇರೂದಿಲ್ಲ. ನಾ ಹೇರಿದೆ. ಅವಗ ಎರಡು ತುಂಬಿದಾಗ ಬಸದಿಯೊಳಗ ಒಬ್ಬಾಕಿನ ನಿಂತು, ಇಂವ ಎದ್ದು ನಡಿಯೂ ತನಕ ಇವನ ಬಾಯಿಗೂ ಹೊತ್ತು ಮುಳುಗಿದಮ್ಯಾಲ ತುತ್ತು ಹಾಕೂದಿಲ್ಲ ಅಂದೆ. ಅವನ ಸಲುವಾಗಿ ಏನರ ಮಾಡಬೇಕು ಅನಸತಿತ್ತು. ನನ್ನ ಕೈಲೆ ಆಗೂದು ಅದೊಂದ ಇತ್ತು.

ಹೊಲದ ಆಳಿಗೆ ಬುತ್ತಿ ಕೊಟ್ಟು, ಕಸಮುಸರಿ ಮಾಡಿ, ಗಂಜಿ ಕಾಸಿಕೊಂಡು ಕುಂದರೂದರೊಳಗ ಐದೂವರಿ ಆಗತಿತ್ತು. ಚಳಿಗಾಲದಾಗ ಆರಕ್ಕ ಹೊತ್ತು ಹೋಗತೈತಿ. ಅರ್ಧ ತಾಸಿನ್ಯಾಗ ಬಟ್ಟಲ ಖಾಲಿ ಆಗಬೇಕು. ಹಣಿ ಒತ್ತೂದು, ಹುಯ್ಯೂದು. ಕೆಮ್ಮಿದರ ನೆತ್ತಿ ತಟ್ಟೂದು, ಮತ್ತ ಹುಯ್ಯೂದು. ಅವನ ಕಣ್ಣಾಗ ನೀರು ಬರತಿತ್ತು. ನಾ ಬಾಗಲದಾಚೆ ಬಿಸಲು ನೋಡತಿದ್ದೆ.

ವರ್ಷಕ್ಕ ಎರಡು ಸಲ, ಮೂರು ಸಲ ಎದಿ ಕಟ್ಟತಿತ್ತು. ಪಕ್ಕೆಲಬು ಒಳಗ ಹೋಗಿ ಹೊರಗ ಬರೂದು ಅಂಗಿ ಮ್ಯಾಲಿಂದ ಕಾಣತಿತ್ತು. ಅಜವಾನ ಕಾಸಿ ಎದಿಗೆ ಶಾಖ ಕೊಟ್ಟು, ಆಗದಾಗ ಮಿರಜಿ ಬಸ್ಸು. ಕಾಗವಾಡ ದಾಟಿದರ ಮಿರಜಿ ಬಂತು ಅಂತ ಲೆಕ್ಕ. ಆ ಹಾದಿ ನನಗ ಎಷ್ಟು ರೂಢಿ ಆಗಿತ್ತು ಅಂದರ, ಆಕ್ಸಿಜನ್ ಹಚ್ಚೂತನಕ ನನಗ ಏನೂ ಅನಸತಿದ್ದಿಲ್ಲ. ಹಚ್ಚಿದ ಮ್ಯಾಲೂ ಅನಸತಿದ್ದಿಲ್ಲ. ಹೆದರಿಕಿ ಇಲ್ಲ, ಅಳು ಇಲ್ಲ. ವಾರ್ಡಿನ್ಯಾಗ ಬ್ಯಾರೆ ಹೆಣ್ಣಮಕ್ಕಳು ಅಳತಿದ್ದರು, ನಾ ಅವರ ಮಾರಿ ನೋಡಕೋತ ಕುಂದರತಿದ್ದೆ. ಮೈಯಾಗ ಯಾರೋ ಒಬ್ಬರು ದೀಪ ಆರಿಸಿ ಹೋದಂಗ ಇತ್ತು.

ಒಂದ ಸಲ ಅಲ್ಲಿ ಒಬ್ಬ ಡಾಕ್ಟರಬಾಯಿ ಮರಾಠಿಯೊಳಗ ಕೇಳಿದಳು, "ಆಜೀ, ಜೇವತಾನಾ ಠಸಕಾ ಲಾಗತೋ ಕಾ?" ಉಣ್ಣುವಾಗ ನೆತ್ತಿಗೆ ಹತ್ತತೈತೇನು ಅಂತ. ನಾ "ನಾಹೀ" ಅಂದೆ. ಪಟಕ್ಕನ ಅಂದೆ. ಉಣಿಸಾಕ ಬರೂದಿಲ್ಲ ಈ ಮುದುಕಿಗೆ ಅಂದಾರು ಅಂತ. ಓದೋರೊಳಗ ಯಾರರ ನನ್ನಂಥವರು ಇದ್ದರ, ಡಾಕ್ಟರಿಗೆ ಇದ್ದದ್ದು ಇದ್ದಂಗ ಹೇಳ್ರಿ. ಕೇಳೋರು ಸೈತ ಕೂಸಿನ ತಾಯಿನ್ನ ಅಷ್ಟ ಅಲ್ಲ, ಉಣಿಸೋ ಕೈ ಯಾರದೈತಿ ಅದನ್ನ ಕೇಳ್ರಿ, ಸಾವಕಾಶ ಕೇಳ್ರಿ.

ಅವಗ ಐದು ತುಂಬಿದ ವರ್ಷ ಒಬ್ಬ ಅಕ್ಕೋರು ಸ್ಕೂಟಿ ಮ್ಯಾಲ ಬಂದರು. ಸಾಲಿಗೆ ಬರಲಾರದ ಮಕ್ಕಳ ಮನಿಗೇ ಹೋಗಿ ಕಲಿಸೋರಂತ. ನಾ ಕುಂದರ್ರಿ ಅಂತ ಸುದ್ದಾ ಅನ್ನಲಿಲ್ಲ.

"ಏನ್ ಅಕ್ಕೋರ, ಇವಗ ಅ ಆ ಇ ಈ ಕಲಸ್ತೀರೇನು? ಮೊದಲ ಕುತಗಿ ನಿಂದರಸ್ರಿ ನೋಡೂನು."

"ಅದನ್ನೂ ನೋಡೂಣ್ರಿ ಆಯಿ," ಅಂದರು. ನಮ್ಮ ಕಡೆ ಅಜ್ಜಿಗೆ ಆಯಿ ಅಂತಾರ. "ಇವತ್ತ ನಾ ಕಲಿಯಾಕ ಬಂದೀನಿ. ಇಂವ ಹೆಂಗ ಉಣ್ಣತಾನ ತೋರಸ್ರಿ."

ತೋರಿಸಿದೆ. ಬಾಳ ಡೌಲಿಲೆ ತೋರಿಸಿದೆ. ಅಂವ ಕೆಮ್ಮಿದ, ನೆತ್ತಿ ತಟ್ಟಿದೆ, ಮತ್ತ ಹುಯ್ದೆ. ಬಟ್ಟಲ ಮುಗಿದ ಮ್ಯಾಲ ಅಕ್ಕೋರು ಅಂದರು, "ಆಯಿ, ಸಿಟ್ಟ ಮಾಡಬ್ಯಾಡ್ರಿ. ನೀವು ಒಮ್ಮೆ ಹಿಂಗ ಅಂಗಾತ ಮಲಗ್ರಿ. ನಿಮ್ಮ ಸೊಸಿ ನಿಮಗ ನೀರ ಕುಡಸಲಿ."

"ನಾ ಯಾಕ ಮಲಗ್ಲಿ? ನಾ ಏನ್ ಕೂಸೇನು?"

ಸೊಸಿ ಸೆರಗ ಬಾಯಿಗೆ ಒತ್ತಿ ಹಿಡಕೊಂಡಳು. "ಮಲಗ್ರಿ ಅತ್ತಿ, ನಾ ಸಾವಕಾಶ ಹಾಕ್ತೀನಿ."

ಕಟ್ಟಿಮ್ಯಾಲಿಂದ ನಮ್ಮ ಮನಿಯವರು, "ಮಲಗ ಮಲಗ. ನಲವತ್ತ ವರ್ಷ ನನ್ನ ಮಾತ ಕೇಳಿಲ್ಲ, ಅಕ್ಕೋರ ಮಾತರ ಕೇಳ," ಅಂದರು.

ಕೌದಿ ಮ್ಯಾಲ ಮಲಗಿದೆ. ಸೊಸಿ ನನ್ನ ಹಣಿ ಒತ್ತಿ ಹಿಡಿದು ಒಳಲೆಲೆ ನೀರು ಬಿಟ್ಟಳು. ಒಂದು ಗುಟುಕು ಇಳೀತು. ಎರಡನೇದು ಎಲ್ಲಿ ಹೋತೋ, ಮೂಗಿನ್ಯಾಗಿಂದ ಬಂತು. ಉಸರ ಕಟ್ಟಿ ಗಪ್ಪನ ಎದ್ದು ಕುಂತೆ. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದವು. ಸೊಸಿ ನಗಾಕ ಹತ್ತಿದಳು, ನಮ್ಮ ಮನಿಯವರೂ ನಕ್ಕರು, ನಾನೂ ನಕ್ಕೆ. ಅಕ್ಕೋರು ನಗಲಿಲ್ಲ.

"ನಿಮಗ ಎದ್ದು ಕುಂದರಾಕ ಬರತೈತಿ ಆಯಿ, ಜೋರ ಕೆಮ್ಮಾಕ ಬರತೈತಿ. ಅವಗ ಎರಡೂ ಬರೂದಿಲ್ಲ. ಅವನ ನೀರು ಎಲ್ಲಿಗೆ ಹೋಗತಿರಬೇಕು?"

"ಎದಿಗೆ," ಅಂದೆ.

ಅಳು ಬರಬೇಕಾಗಿತ್ತು, ಬರಲಿಲ್ಲ. ಒಳಲೆ ತಿಕ್ಕಿ ತೊಳದು ಒಳಗ ಇಟ್ಟೆ. ಅಂಗಳ ಕಸ ಹೊಡದೆ. ಕಸ ಇರಲಿಲ್ಲ, ಆದರೂ ಹೊಡದೆ. ಅಷ್ಟೂ ಸಲ ಮಿರಜಿ, ಅಷ್ಟೂ ಸೂಜಿ, ಎಲ್ಲಾ ನನ್ನ ಕೈಲೆ ಆದದ್ದು ಅಂತ ತಿಳೀತು, ಆದರ ಆ ತಿಳುವಳಿಕಿ ಬ್ಯಾರೆ ಯಾರದೋ ಮನಿಯ ಸುದ್ದಿಯಂಗ ದೂರ ನಿಂತಿತ್ತು. ಒಂದು ವಾರ ಅವನ ಹತ್ತರ ಹೋಗಲಿಲ್ಲ. ಸೊಸಿನ ಉಣಿಸಿದಳು. ಅಂವ ನನ್ನ ಹುಡಕತಿದ್ದ, ನಾ ಕಂಬದ ಹಿಂದ ನಿಂತು ನೋಡತಿದ್ದೆ.

ಮುಂದಿನ ವಾರ ಅಕ್ಕೋರು ಬಂದು ಸೊಸಿ ಕೈಯಾಗಿನ ಚಮಚ ತಗೊಂಡು ನನ್ನ ಕೈಯಾಗ ಇಟ್ಟರು.

"ನನ್ನ ಕೈ ಬ್ಯಾಡ್ರಿ ಅಕ್ಕೋರ."

"ಐದ ವರ್ಷ ಇವನ ಮಾರಿ ನೋಡಿದವರು ನೀವು. ಇಂವ ಯಾವಾಗ ನುಂಗತಾನ, ಯಾವಾಗ ದಣೀತಾನ ನಿಮಗ ಗೊತ್ತಾದಂಗ ನನಗ ಗೊತ್ತಾಗೂದಿಲ್ಲ. ಹಿಡೀರಿ. ತಪ್ಪಿದರ ನಾ ಅದೀನಲ್ಲ."

ಕಾಗವಾಡದ ನಮ್ಮ ಬೀಗರ ತ್ವಾಟದಿಂದ ದ್ರಾಕ್ಷಿ ಬಂದಿದ್ದ ಪ್ಲಾಸ್ಟಿಕ್ ಕ್ರೇಟು ಮನಿಯಾಗ ಇತ್ತು. ನಮ್ಮವರು ಅದರ ಒಂದು ಬಾಜೂ ಕೊರದು, ಅಂಚಿಗೆ ಹಳೇ ಧೋತರ ಸುತ್ತಿ, ಬೆನ್ನಿಗೆ ಕೌದಿ ಮಡಚಿ ಇಟ್ಟರು. ಅದರೊಳಗ ಅಂವ ಮೊದಲ ಸಲ ಎದ್ದು ಕುಂತು ನಮ್ಮನ್ನೆಲ್ಲಾ ನೆಟ್ಟಗ ನೋಡಿದ. ಕಾಲು ಜೋತು ಬೀಳಬಾರದು ಅಂತ ಕೆಳಗ ಇಟ್ಟಂಗಿ ಇಟ್ಟಿವಿ. ಗದ್ದ ಮ್ಯಾಲಕ್ಕ ಎತ್ತಬಾರದು, ಸ್ವಲ್ಪ ಎದಿ ಕಡೆ ಬಾಗಿರಬೇಕು. ಉಣಿಸೋರು ಅವನ ಎದುರಿಗೆ, ಅವನಷ್ಟ ಎತ್ತರಕ್ಕ ಕುಂದರಬೇಕು. ನಿಂತು ಉಣಿಸಿದರ ಕೂಸು ಮಾರಿ ಎತ್ತೇ ಎತ್ತತೈತಿ. ಗಂಜಿ ನೀರಾಗಬಾರದು, ಅವಗ ಗಟ್ಟಿದ ಹಗುರ. ಇಡ್ಲಿ ಹಿಟ್ಟಿನಂಗ ಇರಬೇಕು. ಚಮಚದ ತುದಿಗೆ ಹತ್ತುವಷ್ಟ. ನುಂಗಿದ್ದು ಗಂಟಲದಾಗ ಕಾಣೂತನಕ ಎರಡನೇದು ಇಲ್ಲ. ಉಂಡಮ್ಯಾಲ ಅರ್ಧ ತಾಸು ಮಲಗಿಸೂದಿಲ್ಲ. ಇದು ನಮ್ಮ ಹುಡುಗನ ಅಳತಿ. ನಿಮ್ಮ ಕೂಸಿಂದು ಬ್ಯಾರೆ ಇರತೈತಿ, ತಿಳಿದವರ ಕಣ್ಣಮುಂದ ಮೊದಲ ಮಾಡಿ ನೋಡ್ರಿ.

ನೇಮದ ಸುದ್ದಿ ಕೇಳಿ ಅಕ್ಕೋರು ಬಿಡ್ರಿ ಅನ್ನಲಿಲ್ಲ, ಹಿಡೀರಿ ಅನ್ನಲಿಲ್ಲ. "ಎಷ್ಟಕ್ಕ ಶುರು ಮಾಡ್ತೀರಿ?" ಅಂದರು. ಐದೂವರಿ ಅಂದೆ. "ನಾಲ್ಕಕ್ಕ ಮಾಡ್ರಿ ಹಂಗಾರ." ನಾಲ್ಕಕ್ಕ ಮಾಡಿದೆ. ಬುತ್ತಿ ಕೊಡೂದು ಸೊಸಿ ಪಾಲಿಗೆ ಹೋತು. ಬಾಳ ದಿನ ನಡೀತು.

ಚಳಿಗಾಲದಾಗ ಒಂದು ದಿನ ಕರು ಹಾಕೋ ಎಮ್ಮಿ ತ್ರಾಸ ಮಾಡಿ ಎಲ್ಲಾ ತಡ ಆತು. ಅಂವ ಅರ್ಧ ಬಟ್ಟಲಿಗೆ ಬಂದಾನ, ಬಾಗಲದಿಂದ ಸೊಸಿ ಅಂದಳು, "ಅತ್ತಿ, ಹೊತ್ತ ಮುಳಗಾಕತ್ತೈತಿ."

ಅಂವ ಹಸದಿದ್ದ. ಬಾಯಿ ತೆರದು ಚಮಚ ನೋಡಾಕತ್ತಿದ್ದ. ನನ್ನ ಎಡಗೈ ತಾನ ಎದ್ದು ಅವನ ಹಣಿ ಮ್ಯಾಲ ಹೋತು. ಒತ್ತಿ ಹುಯ್ದರ ಎರಡು ನಿಮಿಷದ ಕೆಲಸ. ಇಲ್ಲಂದರ ಬಟ್ಟಲ ಎತ್ತಿಟ್ಟು ಅರ್ಧ ಹೊಟ್ಟಿಲೆ ಮಲಗಿಸಬೇಕು. ಕೈ ಅಲ್ಲೇ ಎಷ್ಟೊತ್ತು ಇತ್ತೋ ಗೊತ್ತಿಲ್ಲ. ಹಣಿ ಬೆಚ್ಚಗ ಇತ್ತು, ಅಷ್ಟ ಗೊತ್ತು.

ಕೈ ತೆಗದೆ. ಚಮಚದ ತುದಿಗೆ ಒಂದಿಷ್ಟು ತಗೊಂಡೆ, ಕೊಟ್ಟೆ. ನುಂಗಿದ. ಮತ್ತೊಂದು ಕೊಟ್ಟೆ. ಬಾಗಲಾಚೆ ಕೆಂಪು ಹೋಗಿ ಬೂದಿ ಬಣ್ಣ ಆತು. ಸೊಸಿ ಲೈಟ ಹಾಕಿದಳು. ಹೊಲದಿಂದ ಬಂದ ನಮ್ಮವರು ಬಾಗಲಾಗ ನಿಂತು ನೋಡಿ, ಕಾಲು ತೊಳಕೊಂಡು, ಹೊರಗ ಕಟ್ಟಿಮ್ಯಾಲ ನಮಗ ಬೆನ್ನ ಮಾಡಿ ಕುಂತರು. ಬಟ್ಟಲ ಖಾಲಿ ಆಗೂತನಕ ಒಳಗ ಬರಲಿಲ್ಲ.

ಮರುದಿನ ಬಸದಿಗೆ ಹೋದೆ. ಏನರ ಹೇಳಬೇಕು, ತಪ್ಪು ಒಪ್ಪಿಕೊಬೇಕು ಅಂತ ಹೋದದ್ದು. ನಿಂತೆ. ಪಾಪ ಹತ್ತಿದಂಗೂ ಅನಸಲಿಲ್ಲ, ಬಿಟ್ಟಂಗೂ ಅನಸಲಿಲ್ಲ. ಅಕ್ಕಿ ಇಟ್ಟು ಕೈ ಮುಗದು ಬಂದೆ. ನಾ ಈಗೂ ಹೊತ್ತಿನ್ಯಾಗ ಉಣ್ಣತೀನಿ. ಅವಗ ಹಸದಾಗ ಉಣಸ್ತೀನಿ.

ಅಂವ ನಡೀಲಿಲ್ಲ. ಈಗ ಹನ್ನೊಂದು, ಗಾಲಿ ಕುರ್ಚಿ ಮ್ಯಾಲ ಇರತಾನ. ಎದಿ ಕಟ್ಟೂದು ಒಮ್ಮೆಲೆ ನಿಂದರಲಿಲ್ಲ. ವರ್ಷಕ್ಕ ಮೂರು ಇದ್ದದ್ದು ಒಂದಾತು, ಆಮ್ಯಾಲ ಇಲ್ಲಾತು. ನಾಲ್ಕೈದು ಮಾತು ಬಂದಾವ. ಅವು ನಮ್ಮ ಮನಿ ಮಂದಿಗೆ ಅಷ್ಟ ತಿಳೀತಾವ.

ಹೋದ ವಾರ ಅಕ್ಕೋರು ಹೇಳಿ ಕಳಿಸಿದರು ಅಂತ ಐಗಳಿಯಿಂದ ಒಬ್ಬಾಕಿ ಸಣ್ಣ ವಯಸ್ಸಿನ ತಾಯಿ ಎರಡು ವರ್ಷದ ಮಗಳನ್ನ ಕರಕೊಂಡು ಬಂದಿದ್ದಳು. ಅದೂ ಇವನಂಥಾ ಕೂಸು. ಆಕಿ ಮಾರಿ ನೋಡಿದ ಕೂಡಲೆ ನನಗ ಗುರುತು ಹತ್ತಿತು. ಅಳದ, ನಗದ, ಸುಮ್ಮನ ನೋಡೋ ಮಾರಿ. ನಾ ಹುರುಪಿಗೆ ಬಿದ್ದೆ. ಕೂಸನ್ನ ಕ್ರೇಟಿನ್ಯಾಗ ಕುಂದರಿಸಿ, ಗದ್ದ ಹಿಂಗ, ಕಾಲು ಹಿಂಗ, ಮಿರಜಿ ಹಿಂಗ ಅಂತ ಮಾತೇ ಮಾತು. ಮಾತಿನ ಭರದಾಗ ಎರಡನೇ ಚಮಚ ಎತ್ತಿದೆ.

"ತಡಿ ಆಯಿ."

ಗಾಲಿ ಕುರ್ಚಿಯಿಂದ ಇಂವ ಅಂದದ್ದು. "ಯಾಕಲೇ?" ಅಂದೆ. ಅಂವ ಕೂಸಿನ ಗಂಟಲ ಕಡೆ ಕಣ್ಣು ಹಾಯಿಸಿದ. ನೋಡಿದರ ಮೊದಲಿನ ತುತ್ತು ಇನ್ನೂ ಕೂಸಿನ ಗಲ್ಲದಾಗ ಐತಿ. ನಾ ನೋಡಿದ್ದಿಲ್ಲ.

ಆ ತಾಯಿ ಬೆರಗಾದಳು. "ಆಯಿ, ಇವರಿಗೆ ಹೆಂಗ ಗೊತ್ತಾತ್ರಿ?"

ಇವರಿಗೆ ಅಂದಳು ನನ್ನ ಮೊಮ್ಮಗಗ! ನನಗ ನಗು ಬರಲಿಲ್ಲ, ಅಳು ಬರಲಿಲ್ಲ. "ಗಂಟಲದ್ದು ಅವಗ ಗೊತ್ತಿದ್ದಂಗ ನಮಗ್ಯಾರಿಗೆ ಗೊತ್ತೈತೆವಾ," ಅಂದು ಚಮಚ ಆಕಿ ಕೈಯಾಗ ಕೊಟ್ಟುಬಿಟ್ಟೆ.

ಆಕಿ ಚಮಚ ಗಾಳಿಯೊಳಗ ಹಿಡಕೊಂಡು ಅವನ ಕಡೆ ಹೊಳ್ಳಿದಳು. "ಈಗ ಕೊಡ್ಲೇನ್ರಿ?"

ಅಂವ ಕೂಸನ್ನ ನೋಡಕೋತ ಕುಂತ. ನಾ, ಸೊಸಿ, ಆ ತಾಯಿ, ಮೂರೂ ಹೆಣ್ಣಮಕ್ಕಳು ಅವನ ಬಾಯಿ ನೋಡಕೋತ ಕುಂತಿವಿ. ಕೂಸಿನ ಗಂಟಲ ಒಮ್ಮೆ ಮ್ಯಾಲ ಹೋತು, ಕೆಳಗ ಇಳೀತು.

"ಹೂಂ," ಅಂದ.