ಮುಯ್ಯಾಳಿನ ಮಾಳಿಗೆ

ಬಾಜು ಮನೆಯ ಕಾಕುವಿನ ಹಿಮ್ಮಡಿಯ ಬಿರುಕುಗಳಲ್ಲಿ ವರ್ಷವಿಡೀ ಬಿಳಿ ಮಣ್ಣು ಕೂತಿರುತ್ತಿತ್ತು. ಯಾರದಾದರೂ ಮದುವೆಗೆ ಹೊರಟ ದಿನ ಬಚ್ಚಲಿನ ಕಲ್ಲಿಗೆ ಎಷ್ಟು ತಿಕ್ಕಿದರೂ ಅದು ಹೋಗುತ್ತಿರಲಿಲ್ಲ. ಇಳಕಲ್ ಸೀರೆಯ ಅಂಚಿನ ಕೆಳಗೆ ಸುಣ್ಣದ ಗೆರೆ ಎಳೆದಂತೆ ಕಾಣುತ್ತಿತ್ತು. "ಇರ್ಲಿ ಬಿಡ್ರಿ, ಮಾಳಗಿ ಮಣ್ಣೂ ಒಂದೀಟು ನನ್ನ ಕೂಡ ಊರ ನೋಡಾಕ ಬರತೈತಿ" ಅನ್ನುತ್ತಿದ್ದರು.

ನಮ್ಮ ಊರು ಅಣ್ಣಿಗೇರಿಯಿಂದ ಒಳಗೆ, ಕರಿ ಮಣ್ಣಿನ ಸೀಮೆಯಲ್ಲಿದೆ. ಹಿಂದೆ ಇಲ್ಲಿ ಇದ್ದವೆಲ್ಲ ಮಾಳಿಗೆ ಮನೆಗಳೇ. ಮೊಳಕ್ಕಿಂತ ದಪ್ಪನೆಯ ಮಣ್ಣಿನ ಗೋಡೆ, ಅದರ ಮೇಲೆ ಮರದ ಜಂತಿ, ಜಂತಿಯ ಮೇಲೆ ಬೇವಿನ ಸೊಪ್ಪು, ಸೊಪ್ಪಿನ ಮೇಲೆ ಮತ್ತೆ ಮಣ್ಣು. ಎಲ್ಲಕ್ಕೂ ಮೇಲಿನ ಪದರ ಸವಳು ಮಣ್ಣಿನದು. ಬೆಳೆ ಬಾರದ ನೆಲದಿಂದ ತರುವ ಬಿಳಿ ಮಣ್ಣು ಅದು. ಅದರಲ್ಲಿ ಹುಲ್ಲು ಹುಟ್ಟುವುದಿಲ್ಲ, ಅದು ನೀರನ್ನು ಕೆಳಗೆ ಬಿಡುವುದಿಲ್ಲ. ಆದರೆ ಪ್ರತಿ ವರ್ಷ ಮುಂಗಾರಿನ ಮೊದಲ ಮಳೆಯಾದ ಮಿರಗದ ಮಳೆಗೆ ಮೊದಲು ಅದನ್ನು ಹೊಸದಾಗಿ ಹಾಸಿ, ನೀರು ಚಿಮುಕಿಸಿ, ಕಾಲಿನಿಂದ ತುಳಿದು ಗಟ್ಟಿ ಮಾಡಬೇಕು. ಒಂದು ಮನೆಯ ಮಂದಿಯಿಂದ ಆಗುವ ಕೆಲಸವಲ್ಲ. ಅದಕ್ಕೇ ಓಣಿಯಲ್ಲಿ ಮುಯ್ಯಾಳು ಇತ್ತು. ಇಂದು ನಿಮ್ಮ ಮಾಳಿಗೆಯನ್ನು ನಾವು ತುಳಿದರೆ, ನಾಳೆ ನಮ್ಮದನ್ನು ನೀವು ತುಳಿಯಬೇಕು. ಕೂಲಿಯ ಮಾತೇ ಇಲ್ಲ.

ಈ ಕೆಲಸಕ್ಕೆಲ್ಲ ಕಾಕುವೇ ಯಜಮಾನಿ. ಅವರ ಗಂಡ ಬೇಗ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ತಂಬೂರು ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ತುಳಿಯುವ ದಿನ ನಸುಕಿನಲ್ಲಿ ಪ್ರತಿ ಮನೆಯ ಬಾಗಿಲನ್ನು ಅಂಗೈಯಿಂದ ಬಡಿಯುತ್ತ ಓಣಿಯುದ್ದಕ್ಕೂ ಹೋಗುತ್ತಿದ್ದರು. ನಾನು ರೈಲ್ವೆಯಲ್ಲಿ ಗಡಿಯಾರ ನೋಡಿ ಬದುಕಿದವನು. ಆದರೂ ಆ ದಿನ ಅವರಿಗಿಂತ ಮುಂಚೆ ಎದ್ದದ್ದು ನೆನಪಿಲ್ಲ.

"ಏನ್ ಟೇಸನ್ ಮಾಸ್ತರ, ನಿಮ್ಮ ಗಾಡಿ ಇವತ್ತ ಲೇಟೇನು?"

ನಾನು ಸ್ಟೇಷನ್ ಮಾಸ್ತರನಲ್ಲ, ಗೂಡ್ಸ್ ಆಫೀಸಿನ ಗುಮಾಸ್ತ. ಎಷ್ಟು ಸಲ ಹೇಳಿದರೂ ಕಾಕು ನನಗೆ ಬಡ್ತಿ ಕೊಟ್ಟೇ ಕರೆಯುತ್ತಿದ್ದರು.

ಮಾಳಿಗೆಯ ಮೆಟ್ಟಿಲ ಮೇಲೆ ಶುಂಠಿ ಬೆಲ್ಲ ಹಾಕಿದ ಚಹಾದ ಪಾತ್ರೆ ಇರುತ್ತಿತ್ತು. ಯಾರ ಮನೆಯ ಮಾಳಿಗೆಯಾದರೂ ಚಹಾ ಕಾಕುವಿನದೇ. ಬಿಸಿಲು ಮಾಳಿಗೆಯ ಅಂಚಿನ ಕುಂಬಿಗೆ ತಾಗಿತೆಂದರೆ ಪಾತ್ರೆಗೆ ಮುಚ್ಚಳ ಬೀಳುತ್ತಿತ್ತು. "ತಡಾ ಮಾಡಿದವ್ರಿಗೆ ಚಹಾ ಇಲ್ಲ." ಒಂದು ವರ್ಷ ಕಾಕುವಿನ ಹೊಸ ಅಳಿಯನೇ ತಡವಾಗಿ ಮೆಟ್ಟಿಲು ಹತ್ತಿದ. ಅವನಿಗೊಂದು ಲೋಟ ಕೊಡಿರೆಂದು ನಾವೆಲ್ಲ ಹೇಳಿದೆವು. ಕಾಕು ತುಳಿಯುವುದನ್ನು ನಿಲ್ಲಿಸಲೂ ಇಲ್ಲ. "ಅಳಿಯಾ ಆಗೂದು ಪಡಸಾಲ್ಯಾಗ. ಮಾಳಗಿ ಮ್ಯಾಲ ಎಲ್ಲಾರೂ ಆಳ" ಅಂದರು. ಮಧ್ಯಾಹ್ನ ಅದೇ ಅಳಿಯನಿಗೆ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿ, ಕೈ ಅಡ್ಡ ಹಿಡಿದರೂ ತುಪ್ಪ ಸುರಿದರು.

ಮುಂದೆ ಓಣಿಯಲ್ಲಿ ಒಂದೊಂದಾಗಿ ಸ್ಲ್ಯಾಬಿನ ಮನೆಗಳು ಎದ್ದವು. ನಾವೂ ಹಾಕಿಸಿದೆವು. ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟ್ ಕಲಸುವ ಮಷಿನ್ ಗುಡುಗುಡು ಎನ್ನುತ್ತಿರುವಾಗ ಕಾಕು ಸೀರೆ ಮೇಲೆತ್ತಿ ಕಟ್ಟಿಕೊಂಡು ಬಂದು ನಿಂತರು.

"ತುಳಿಯೂದು ಎಲ್ಲೈತ್ರಿ?"

"ಇದಕ್ಕ ತುಳಿಯೂದಿಲ್ರಿ ಕಾಕು. ಮಷಿನ್ನೇ ಎಲ್ಲಾ ಮಾಡತೈತಿ."

ಕೆಲಸ ಮಾಡದೆ ಹೇಗೆ ಮರಳಿ ಹೋಗಬೇಕೋ ಅವರಿಗೆ ತಿಳಿಯಲಿಲ್ಲ. ಸ್ಲ್ಯಾಬಿಗೆ ಕೆಲವು ವಾರ ನೀರುಣಿಸಬೇಕೆಂದು ಗೌಂಡಿ ಮೇಸ್ತ್ರಿ ಹೇಳಿದ್ದು ಕಿವಿಗೆ ಬಿತ್ತು. ಮರುದಿನದಿಂದ ಬೆಳಿಗ್ಗೆ ಸಂಜೆ ಕೊಡ ಹೊತ್ತು ಬಂದು ಅವರೇ ನೀರು ಹಾಕಿದರು. "ಮಣ್ಣಿನ ಮಾಳಗಿಗೆ ನೀರ ಅಂದ್ರ ಅಂಜಿಕಿ. ಇದು ನೋಡಿದ್ರ ಕೂಸಿನಗತೆ ನೀರ ಕುಡೀತೈತಿ" ಎಂದು ನಗುತ್ತಿದ್ದರು.

ಮೊದಲ ಬೇಸಿಗೆಯಲ್ಲೇ ನಮ್ಮ ಹೊಸ ಮನೆ ಕಾದ ಹಂಚಾಯಿತು. ಫ್ಯಾನು ಬಿಸಿ ಗಾಳಿಯನ್ನೇ ಸುತ್ತಿಸುತ್ತಿತ್ತು. ಊಟವಾದ ಮೇಲೆ ಹೆಂಡತಿ ಚಾಪೆ ಸುತ್ತಿಕೊಂಡು ಕಾಕುವಿನ ಪಡಸಾಲೆಗೆ ಹೋಗತೊಡಗಿದಳು. ನಾನೂ ಹೋದೆ. ನೋಡನೋಡುತ್ತ ಓಣಿಯ ಎಲ್ಲ ಸ್ಲ್ಯಾಬಿನ ಮನೆಯವರೂ ಅಲ್ಲಿಗೇ ಬಂದರು. ಸೆಗಣಿ ಸಾರಿಸಿದ ನೆಲ ಬೆನ್ನಿಗೆ ತಣ್ಣಗೆ ಹತ್ತುತ್ತಿತ್ತು. ಮೇಲಿನ ಬೆಳಕಿಂಡಿಯಿಂದ ಬಿಸಿಲಿನ ಒಂದೇ ಒಂದು ಕೋಲು ಇಳಿದು, ಮಲಗಿದವರನ್ನು ಬಳಸಿಕೊಂಡು ನಿಧಾನ ಸರಿಯುತ್ತಿತ್ತು. ಅದು ಕಂಬಕ್ಕೆ ಮುಟ್ಟಿದಾಗ ಕಾಕು ಕೈ ತಟ್ಟಿ ನಮ್ಮನ್ನೆಲ್ಲ ಎಬ್ಬಿಸುತ್ತಿದ್ದರು. ಅಂಥ ನಿದ್ದೆ ನನಗೆ ಮತ್ತೆಲ್ಲೂ ಬಂದಿಲ್ಲ.

ಕೊನೆಗೆ ಓಣಿಯಲ್ಲಿ ಉಳಿದ ಮಣ್ಣಿನ ಮಾಳಿಗೆ ಕಾಕುವಿನದೊಂದೇ. ಆ ವರ್ಷ ಮಿರಗ ಹತ್ತಿರ ಬಂದರೂ ಅವರು ಯಾರ ಬಾಗಿಲನ್ನೂ ಬಡಿಯಲಿಲ್ಲ. ಹಿಂದಿನ ಮಳೆಗೇ ಅಡುಗೆಮನೆಯ ಮೂಲೆ ಸೋರಿತ್ತು. ಮಣ್ಣು ಹಾಕದಿದ್ದರೆ ಜಂತಿ ಕೊಳೆಯುತ್ತದೆ, ಮನೆ ಕುಸಿಯುತ್ತದೆ. ತಂಬೂರಿಗೆ ಬಂದುಬಿಡೆಂದು ಮಗಳು ಹಟ ಹಿಡಿದಿದ್ದಳು. ಕಾಕು ಪಾತ್ರೆಗಳನ್ನು ಚೀಲಕ್ಕೆ ತುಂಬತೊಡಗಿದ್ದಾರೆಂದು ತಿಳಿದು ನಾನೂ ಹೆಂಡತಿಯೂ ಹೋದೆವು.

"ಯಾವತ್ತ ತುಳಿಯೂಣು ಕಾಕು?" ಎಂದು ಕೇಳಿದೆ.

"ತುಳಿಯೂದಿಲ್ಲ. ನೀವ ತುಳದ್ರ ನಾ ತಿರುಗಿ ಎಲ್ಲಿ ತುಳೀಲಿ? ನಿಮ್ಮ ಸ್ಲ್ಯಾಬಿನ ಮ್ಯಾಲ ಕುಣೀಲೇನು?"

"ನಮ್ಮ ಸ್ಲ್ಯಾಬಿಗೆ ನೀರ ಹಾಕಿದ್ರಲ್ರಿ."

"ಅದೇನ ದುಡಿಮಿ? ಮಲ್ಲಿಗಿ ಬಳ್ಳಿಗೂ ಹಾಕ್ತೀನಿ. ಪುಕ್ಕಟೆ ಮಾಡಿಸಿಕೊಂಡ ಮಾಳಗಿ ಕೆಳಗ ನನಗ ನಿದ್ದಿ ಬರೂದಿಲ್ಲ."

ಹೆಂಡತಿ ಕಾಕುವಿನ ಎದುರಿಗೇ ಕೂತಳು.

"ಹಂಗಾದ್ರ ನಮ್ಮ ನಿದ್ದಿ ಲೆಕ್ಕಾ ಹೆಂಗ್ರಿ? ಬ್ಯಾಸಗಿ ಪೂರಾ ಓಣಿ ಮಂದಿ ನಿಮ್ಮ ಪಡಸಾಲ್ಯಾಗ ಬಿದ್ದಿರತೀವಿ. ಅದರ ಮುಯ್ಯಿ ನಾವು ಎಲ್ಲಿ ತೀರಸೂಣು? ನಿಮ್ಮನ್ನ ಕರಕೊಂಡು ಹೋಗಿ ಆ ಕಾದ ಹಂಚಿನ ಕೆಳಗ ಮಲಗಸೂಣೇನು?"

ಕಾಕು ತಲೆ ಎತ್ತಿ ಜಂತಿಗಳನ್ನು ನೋಡಿದರು.

"ಹಂಗಂತೀ?"

"ಹಂಗ ಅಂತೀನ್ರಿ."

"ಹಂಗಾರ ನಾಡಿದ್ದ ನಸುಕಿನ್ಯಾಗ ಬರ್ರಿ" ಎಂದು ಚೀಲದಿಂದ ಚಹಾದ ಪಾತ್ರೆಯನ್ನು ಹೊರಗೆ ತೆಗೆದರು.

ಆಮೇಲೆ ಬಹಳ ವರ್ಷ ಅದು ತಪ್ಪಲಿಲ್ಲ. ಒಮ್ಮೆ ನನ್ನ ಮೊಮ್ಮಗಳ ಮೊಬೈಲಿನಲ್ಲಿ ಆಫ್ರಿಕಾದ ಯಾವುದೋ ಊರಿನ ವಿಡಿಯೊವನ್ನು ಕಾಕುವಿಗೆ ತೋರಿಸಿದೆ. ಎತ್ತರದ ಮಣ್ಣಿನ ಕಟ್ಟಡಕ್ಕೆ ಇಡೀ ಊರಿನವರು ನಿಚ್ಚಣಿಕೆ ಹಾಕಿ, ಬುಟ್ಟಿಯಲ್ಲಿ ಕೆಸರು ಹೊತ್ತು, ಕೈಯಿಂದ ಮೆತ್ತುತ್ತಿದ್ದರು. ಕಾಕು ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು. "ನಮ್ಮ ಮಂದಿನ ಅದಾರ ನೋಡ" ಎಂದರು. ಮೊಬೈಲು ಮರಳಿ ಕೊಡುವಾಗ, "ಅವ್ರಿಗೆ ಚಹಾ ಯಾರ ಮಾಡತಾರ?" ಎಂದು ಕೇಳಿದರು.

ಕೊನೆಯ ವರ್ಷ ಅವರಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ಪಡಸಾಲೆಯಲ್ಲಿ ಮಲಗಿಯೇ ನಮ್ಮ ಕಾಲಸಪ್ಪಳ ಕೇಳುತ್ತಿದ್ದರು. ಜಂತಿಯ ಸಂದಿಯಿಂದ ಪುಡಿಮಣ್ಣು ಹಾಸಿಗೆಯ ಮೇಲೆ ಉದುರುತ್ತಿತ್ತು. ಮಗಳು ಹಾಸಿಗೆ ಸರಿಸಲು ಹೋದರೆ ಬೇಡವೆಂದರು. ಬೆಳಕಿಂಡಿಯಿಂದ ಅವರ ದನಿ ಮೇಲೆ ಬಂತು. "ಮೂಲ್ಯಾಗಿನ ಕಾಲಿಗೆ ಬಿರುಸಿಲ್ಲ. ಯಾರ ಅದು, ಮಾಸ್ತರೇನು?" ಮೂಲೆಯಲ್ಲಿ ಇದ್ದವನು ನಾನೇ. ಚಹಾ ಮಾತ್ರ ತಾವೇ ಎದ್ದು, ಗೋಡೆ ಹಿಡಿದುಕೊಂಡು ಮಾಡಿದ್ದರು.

ಆ ಮಳೆಗಾಲ ಮನೆ ಒಂದು ಹನಿಯೂ ಸೋರಲಿಲ್ಲ. ಚಳಿಗಾಲದಲ್ಲಿ ಕಾಕು ಹೋದರು. ಮಣ್ಣು ಮಾಡಲು ಒಯ್ಯುವ ಮುಂಚೆ ಹೆಂಗಸರು ಸ್ನಾನ ಮಾಡಿಸಿ ಹೊಸ ಸೀರೆ ಉಡಿಸಿದರು. ಸೀರೆಯ ಅಂಚಿನ ಕೆಳಗೆ ಬಿಳಿ ಗೆರೆ ಹಾಗೇ ಇತ್ತು.

ಕಾರ್ಯದ ದಿನಗಳೆಲ್ಲ ಮುಗಿದ ಮೇಲೆ ಮಗಳು ಬೀಗದ ಕೈ ತಂದು ನನಗೆ ಕೊಟ್ಟಳು. "ನಿಮ್ಮ ಕಡೆ ಇರ್ಲಿ ಕಾಕಾ. ಮಲಗವ್ರು ಇದ್ರ ತುಳಿಯವ್ರೂ ಇರತಾರ ಅಂತ ಅವ್ವ ಹೇಳಿದ್ಲು."

ಬೇಸಿಗೆಯಲ್ಲಿ ಓಣಿಯವರೆಲ್ಲ ಅಲ್ಲಿಯೇ ಮಲಗಿದೆವು. ಬಿಸಿಲಿನ ಕೋಲು ಕಂಬ ದಾಟಿ ಗೋಡೆ ಹತ್ತಿದರೂ ಎಬ್ಬಿಸುವವರಿರಲಿಲ್ಲ. ಮಿರಗಕ್ಕೆ ಮೊದಲು ಬಾಗಿಲು ಬಡಿಯುವ ಕೆಲಸ ನನ್ನದಾಯಿತು. ಬಡಿಯುವ ಮುಂಚೆಯೇ ಎಲ್ಲರೂ ಎದ್ದು ಅಂಗಳದಲ್ಲಿ ನಿಂತಿದ್ದರು. ಮಣ್ಣು ಹಾಸಿದೆವು, ತುಳಿದೆವು. ಬಿಸಿಲು ಕುಂಬಿಗೆ ತಾಗುವ ಹೊತ್ತಿಗೆ ಎಲ್ಲರೂ ಮೆಟ್ಟಿಲ ಕಡೆ ನೋಡಿದೆವು.

ಚಹಾ ಮಾಡಬೇಕೆಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ಅದು ಅಲ್ಲಿ ಇದ್ದೇ ಇರುತ್ತದೆಂದು ತಿಳಿದಿದ್ದೆವು. ಆ ದಿನ ಯಾರೂ ತಡ ಮಾಡಿರಲಿಲ್ಲ. ಆದರೂ ಯಾರಿಗೂ ಚಹಾ ಸಿಗಲಿಲ್ಲ.